ಹೋಗಲೊಲ್ಲದ ಕೊಕ್ಕರೆಗಳು

ನನ್ನ ಹೆಂಡತಿ ಬೋಡಿಲ್ ಜ್ವರ ಬಂದು ಹಾಸಿಗೆ ಹಿಡಿದದ್ದೇ ಎಲ್ಲಕ್ಕೂ ಮೂಲ. ಕಳೆದ ವರ್ಷದ ಫೆಬ್ರವರಿಯ ಮಾತು. ಅದಕ್ಕೆ ಮೊದಲು ಚಳಿಗಾಲದಲ್ಲಿ ಅವಳು ಮಲಗಿದ್ದನ್ನು ನಾನು ಕಂಡವನಲ್ಲ. ಮಲಗುವ ಹಾಗೂ ಇರಲಿಲ್ಲ. ಬೆಳಗಾದರೆ ಸಾಕು, ಅಂಗಳದ ತುಂಬ ಕೊಕ್ಕರೆಗಳು ಕಾದು ನಿಂತಿರುತ್ತಿದ್ದವು. ಅವಳು ಬಕೆಟ್ ಹಿಡಿದು ಹೋಗಲೇಬೇಕಿತ್ತು.

ದೇಶದ ದಕ್ಷಿಣ ತುದಿಯ ಸ್ಕೋನೆ ಸೀಮೆಯ ಈ ಬಯಲಿನಲ್ಲಿ ಒಂದು ತಲೆಮಾರಿನಷ್ಟು ಕಾಲ ಕೊಕ್ಕರೆಯೇ ಇರಲಿಲ್ಲ. ಜೌಗು ನೆಲವನ್ನೆಲ್ಲ ಬಸಿದು ಸಕ್ಕರೆ ಮಾಡುವ ಬೀಟ್‌ರೂಟ್ ಬೆಳೆದರು. ಕಪ್ಪೆಗಳು ಹೋದವು, ಅವುಗಳ ಹಿಂದೆಯೇ ಕೊಕ್ಕರೆಗಳೂ ಹೋದವು. ಪಶುವೈದ್ಯರೊಬ್ಬರ ಹತ್ತಿರ ಸಹಾಯಕಿಯಾಗಿದ್ದ ಬೋಡಿಲ್ ಅವನ್ನು ವಾಪಸು ತರುತ್ತೇನೆಂದು ಹೊರಟಾಗ ನಮಗೆ ಮದುವೆಯಾಗಿ ಇನ್ನೂ ಹೊಸತು. ಹುಚ್ಚು ಇಳಿಯುತ್ತದೆ ಬಿಡು ಅಂದುಕೊಂಡೆ. ಇಳಿಯಲಿಲ್ಲ. ಸಂಘ ಕಟ್ಟಿದಳು, ಹೊರದೇಶದಿಂದ ಮರದ ಪೆಟ್ಟಿಗೆಗಳಲ್ಲಿ ಮರಿಗಳನ್ನು ತರಿಸಿದಳು. ತಂತಿಗೆ ಬಡಿದು ರೆಕ್ಕೆ ಮುರಿದುಕೊಂಡದ್ದು, ಚಿಮಣಿಯೊಳಗೆ ಬಿದ್ದದ್ದು, ಎರೆಹುಳು ಅಂದುಕೊಂಡು ರಬ್ಬರ್ ಬ್ಯಾಂಡ್ ನುಂಗಿದ್ದು, ಎಲ್ಲವೂ ನಮ್ಮ ಮನೆಗೇ ಬರತೊಡಗಿದವು. ಮೂವತ್ತು ವರ್ಷಕ್ಕೂ ಮೇಲೆ ಅವಳೇ ಆ ಸಂಘದ ಅಧ್ಯಕ್ಷೆ. ಭಾಷಣ, ಟೀವಿ, ರಾಜಧಾನಿಯಿಂದ ಒಂದು ಪದಕ, ಎಲ್ಲ ಆಯಿತು. ನಾನು ಬಸ್ ಓಡಿಸುತ್ತಿದ್ದೆ. ನನ್ನ ಬಸ್ಸಿನಲ್ಲಿ ಕೂತವರೂ ನನ್ನನ್ನು ಕೊಕ್ಕರೆಯಮ್ಮನ ಗಂಡ ಎಂದೇ ಗುರುತಿಸುತ್ತಿದ್ದರು.

ಅವಳ ಪದ್ಧತಿ ಒಂದಿತ್ತು. ಮರಿಗಳ ರೆಕ್ಕೆಯ ಗರಿ ಕತ್ತರಿಸಿ, ಮೊದಲ ಕೆಲವು ಚಳಿಗಾಲ ಬಲೆ ಹೊದಿಸಿದ ಅಂಗಳದಲ್ಲಿ ಕೂಡಿಹಾಕುವುದು. ಗರಿ ಮತ್ತೆ ಬೆಳೆಯುವ ಹೊತ್ತಿಗೆ ದಕ್ಷಿಣಕ್ಕೆ ಹೋಗಬೇಕೆಂಬುದೇ ಅವಕ್ಕೆ ಮರೆತುಹೋಗಿರುತ್ತಿತ್ತು. ಹೋದವು ಬೇಟೆಗಾರರ ಗುಂಡಿಗೆ ಸಿಕ್ಕಿಯೋ ತಂತಿಗೆ ತಗುಲಿಯೋ ಸಾಯುತ್ತವೆ, ಇಲ್ಲೇ ಇದ್ದರೆ ಬದುಕಿ ಗೂಡು ಕಟ್ಟುತ್ತವೆ, ಇದು ಅವಳ ಲೆಕ್ಕಾಚಾರ. ಆಗ ಎಲ್ಲರಿಗೂ ಸರಿ ಅನ್ನಿಸಿತ್ತು. ರೈತರು ಹಳೆಯ ಗಾಡಿಯ ಚಕ್ರಗಳನ್ನು ಕಂಬದ ಮೇಲೆ ಮಲಗಿಸಿ ನೆಟ್ಟರು, ಅದರ ಮೇಲೆ ಗೂಡುಗಳೂ ಆದವು. ಇಲ್ಲೇ ಇರುವ ಹಕ್ಕಿಗೆ ಚಳಿಗಾಲದಲ್ಲಿ ಊಟ ಬೇಕಲ್ಲ, ಅದಕ್ಕೆ ಬಕೆಟ್ ಬಂತು. ಕೊಕ್ಕರೆಗೆ ಕಂಠವಿಲ್ಲ, ಕೊಕ್ಕು ಕುಟ್ಟಿಯೇ ಮಾತಾಡಬೇಕು. ಬೋಡಿಲ್ ಬಕೆಟ್ಟಿನ ಮುಚ್ಚಳವನ್ನು ಅದೇ ಲಯದಲ್ಲಿ ಬಡಿಯುತ್ತಿದ್ದಳು. ಆಕಾಶದಲ್ಲಿದ್ದವೂ ಇಳಿದು ಬರುತ್ತಿದ್ದವು. ನಮ್ಮ ಅಡುಗೆಮನೆಯ ಫ್ರೀಜರಿನಲ್ಲಿ ಅರ್ಧಕ್ಕೆ ದಾಲ್ಚಿನ್ನಿ ಬನ್ನು, ಅರ್ಧಕ್ಕೆ ಸತ್ತ ಕೋಳಿಮರಿ. ಬನ್ನು ತೆಗೆಯಲು ಹೋಗಿ ಎಷ್ಟು ಸಲ ಕೋಳಿಮರಿಯ ಕಾಲು ಹಿಡಿದಿದ್ದೇನೋ ನನಗೇ ಗೊತ್ತಿಲ್ಲ.

ನನಗೂ ಆ ಹಕ್ಕಿಗಳಿಗೂ ಆಗಿಬರಲಿಲ್ಲ. ಅದರಲ್ಲೂ ಮಾಯ್ಕೆನ್ ಅಂತ ಒಂದು ಹೆಣ್ಣು. ತಾಯಿಯಿಲ್ಲದ ಮರಿಯೆಂದು ಬೋಡಿಲ್ ಅದನ್ನು ಅಡುಗೆಮನೆಯಲ್ಲೇ ಸಾಕಿದ್ದಳು. ಅದು ನನ್ನನ್ನು ಪರಪುರುಷನೆಂದೇ ತಿಳಿದಿತ್ತು. ಒಮ್ಮೆ ಕಿವಿಯನ್ನೇ ಕಚ್ಚಿ ಎಳೆದಿತ್ತು. ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ನನ್ನ ಹೆಂಡತಿ ನನ್ನ ಹುಟ್ಟುಹಬ್ಬ ಮರೆತ ವರ್ಷಗಳಲ್ಲೂ ಮಾಯ್ಕೆನ್‌ಳದನ್ನು ಮರೆತದ್ದಿಲ್ಲ.

ಜ್ವರದ ದಿನಕ್ಕೆ ಬರುತ್ತೇನೆ. ಮಹಡಿಯ ಕಿಟಕಿಯ ಪಕ್ಕ ಮಲಗಿದ್ದ ಬೋಡಿಲ್ ಅಂಗಳವನ್ನು ನೋಡುತ್ತಿದ್ದಳು. ನಾನು ಹಾಕಿ ಬರಲೇ ಎಂದು ಕೇಳಿದೆ. ತಡಿ, ನೋಡೋಣ ಅಂದಳು. ಹಿಮ ಕರಗಿತ್ತು. ಬೇಲಿಯ ಆಚೆ ಹುಲ್ಲುಗಾವಲು ಇಳಿಜಾರಾಗಿ ಹಳ್ಳದ ತನಕ ಹೋಗುತ್ತದೆ. ಅಲ್ಲಿ ನೆಲ ಮೆತ್ತಗಾಗಿ ಇಲಿಗಳು ಓಡಾಡುತ್ತಿದ್ದವು, ಎರೆಹುಳುಗಳು ಮೇಲೆ ಬಂದಿದ್ದವು. ಕಾಗೆಗಳೆಲ್ಲ ಅಲ್ಲೇ ಹಬ್ಬ ಮಾಡುತ್ತಿದ್ದವು. ನಮ್ಮ ಕೊಕ್ಕರೆಗಳು ಮಾತ್ರ ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿಕೊಂಡು ನಿಂತೇ ಇದ್ದವು. ಮಾರನೆಯ ದಿನವೂ ಅಷ್ಟೇ. ಹಸಿದ ಹಕ್ಕಿ ಬೇಲಿ ಹಾರಿ ನಾಲ್ಕು ಹೆಜ್ಜೆ ಇಳಿದರೆ ಊಟ. ಒಂದೂ ಹೋಗಲಿಲ್ಲ.

ಸಂಜೆ ಸೂಪು ತೆಗೆದುಕೊಂಡು ಹೋದಾಗ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಟೂರೆ, ನಾನು ಇಷ್ಟು ವರ್ಷ ಕೋಳಿ ಸಾಕಿದ್ದೀನಿ ಕಣೋ," ಅಂದಳು.

ವಿಶ್ವವಿದ್ಯಾಲಯದ ಪಂಡಿತರು ಹತ್ತು ವರ್ಷದಿಂದ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದರು. ವಲಸೆ ಹೋಗದ ಕೊಕ್ಕರೆ ಕೊಕ್ಕರೆಯಲ್ಲ, ಬೋಡಿಲ್ ಕೈ ಬಿಟ್ಟ ದಿನ ಎಲ್ಲವೂ ಸಾಯುತ್ತವೆ ಎಂದು. ಅವಳು ಸಭೆಸಭೆಯಲ್ಲಿ ಅವರ ಮೈಮೇಲೆ ಹೋಗಿದ್ದಳು. ಈಗ ಜಗಳಕ್ಕೆ ಯಾರೂ ಇರಲಿಲ್ಲ. ಜ್ವರ ಇಳಿಯಿತು, ಅವಳು ಎದ್ದಳು, ಎಂದಿನಂತೆ ಬಕೆಟ್ ಹಿಡಿದು ಹೋದಳು. ಒಳಗೆ ಏನೋ ಆರಿಹೋಗಿತ್ತು. ಬಡಿಸಿದ್ದನ್ನು ತಿನ್ನುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು. ಹಟ ಇಲ್ಲ, ಸಿಟ್ಟಿಲ್ಲ. ಅವಳ ಸಿಟ್ಟಿಗೆ ಅಂಜಿ ಬದುಕಿದ್ದ ನನಗೆ ಅದಿಲ್ಲದ ಮನೆ ಇನ್ನೂ ಹೆಚ್ಚು ಅಂಜಿಕೆ ಹುಟ್ಟಿಸಿತು.

ಮಾರ್ಚಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟಳು. ಬೇಸಿಗೆ ನಡುವಿನಿಂದ ಊಟ ನಿಲ್ಲುತ್ತದೆ, ಮುಂದಿನ ಚಳಿಗಾಲಕ್ಕೆ ಒಂದು ಕೋಳಿಮರಿಯನ್ನೂ ಹಾಕುವುದಿಲ್ಲ. ಆಗಸ್ಟಿನಲ್ಲಿ ಹೋಗಬೇಕು, ಹೋಗದಿದ್ದರೆ ಸಾಯಬೇಕು. ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದಿದಳು. ಸಭೆಯಲ್ಲಿ ಗದ್ದಲವೋ ಗದ್ದಲ. ಹಕ್ಕಿಗಳಿಗೆ ಮಕ್ಕಳಿಂದ ಹೆಸರು ಇಡಿಸಿದ ಶಾಲೆಯ ಟೀಚರು ಅತ್ತೇಬಿಟ್ಟರು. ನಮ್ಮ ಪಕ್ಕದ ತೋಟದ ಎಲೋಫ್‌ನ ಕೊಟ್ಟಿಗೆಯ ಸೂರಿನ ಮೇಲೆ ಒಂದು ಜೋಡಿ ಕೊಕ್ಕರೆ ಗೂಡು ಕಟ್ಟಿತ್ತು. ಹೆಂಡತಿ ಸತ್ತ ಮೇಲೆ ಆ ಮುದುಕನಿಗೆ ಮಾತಿಗೆ ಇದ್ದದ್ದು ಆ ಎರಡೇ. ಅವನು ಟೊಪ್ಪಿ ಕಳಚಿಕೊಂಡು ಎದ್ದ.

"ನೋಡಮ್ಮ ಬೋಡಿಲ್, ಹೋಗೋ ದಾರೀನ ಮರೆಸಿದ್ದು ನೀನು. ಈಗ ಹೋಗಿ ಅಂದ್ರೆ ಎಲ್ಲಿಗೆ ಹೋಗ್ತವೆ ಅವು?"

"ಗೊತ್ತಿಲ್ಲ ಎಲೋಫ್," ಅಂದಳು ಬೋಡಿಲ್.

ಮೇ ತಿಂಗಳಲ್ಲಿ ಮಾಲ್ಮೊ ನಗರದಲ್ಲಿದ್ದ ಅವಳ ಅಕ್ಕ ತೀರಿಕೊಂಡರು. ಇದ್ದದ್ದು ಅವರಿಬ್ಬರೇ, ಜೀವಕ್ಕೆ ಜೀವ ಅನ್ನುವಂತಿದ್ದವರು. ಬೋಡಿಲ್ ಚರ್ಚಿನಲ್ಲಿ ನೆಟ್ಟಗೆ ಕೂತಿದ್ದಳು, ಆಮೇಲೆ ಬಂದವರಿಗೆ ಕಾಫಿ, ಕೇಕು ಕೊಟ್ಟಳು, ತಟ್ಟೆ ತೊಳೆದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ವಾಪಸು ಬರುವಾಗ ಕಾರಿನಲ್ಲಿ ಅತ್ತುಬಿಡೇ, ಹಗುರಾಗುತ್ತೆ ಅಂದೆ. ಅಳು ಬರ್ತಿಲ್ಲ, ಏನೂ ಬರ್ತಿಲ್ಲ ಅಂದಳು. ನನಗೆ ಅವಳ ಭುಜ ಹಿಡಿದು ಅಲುಗಾಡಿಸಬೇಕು ಅನ್ನಿಸಿತು, ಸ್ಟೀರಿಂಗ್ ಹಿಡಿದಿದ್ದೆ.

ಹೇಳಿದಂತೆಯೇ ಬೇಸಿಗೆಯ ನಡುವೆ ಬಕೆಟ್ ನಿಂತಿತು. ಬೇಸಿಗೆಯಲ್ಲಿ ಹೊಲ ಬಯಲಿನಲ್ಲಿ ಎಲ್ಲ ಸಿಗುತ್ತದೆ, ಕೊಕ್ಕರೆಗಳು ಹೇಗೋ ಹೊಟ್ಟೆ ಹೊರೆದುಕೊಂಡವು. ತಿಂದು ಮತ್ತೆ ಅಂಗಳಕ್ಕೇ ಬಂದು ನಿಲ್ಲುತ್ತಿದ್ದವು. ಆಗಸ್ಟಿನ ನಡುವೆ ಸಂಘದವರ ಕೆರೆಸಿಗಡಿ ಊಟ. ನಮ್ಮಲ್ಲಿ ಅದಿಲ್ಲದೆ ಬೇಸಿಗೆ ಮುಗಿಯುವುದಿಲ್ಲ. ಪ್ರತಿ ವರ್ಷ ಅಂಗಳದಲ್ಲೇ ಮೇಜು ಹಾಕಿ, ಕಾಗದದ ಟೊಪ್ಪಿ ಇಟ್ಟುಕೊಂಡು, ಸಬ್ಬಸಿಗೆ ಹಾಕಿ ಬೇಯಿಸಿದ ಸಿಗಡಿಯ ತಲೆಗಳನ್ನು ಕೊಕ್ಕರೆಗಳಿಗೆ ಎಸೆಯುತ್ತ, ಒಂದೊಂದು ಹಾಡಿಗೆ ಒಂದೊಂದು ಗುಟುಕು ಏರಿಸುವುದು ವಾಡಿಕೆ. ಈ ಸಲ ಬೋಡಿಲ್ ಎಲ್ಲರನ್ನೂ ಯಂತ್ರಗಳ ಕೊಟ್ಟಿಗೆಗೆ ನುಗ್ಗಿಸಿ ಬಾಗಿಲು ಹಾಕಿಸಿದಳು. ಹಾಡುವ ಹಾಗಿಲ್ಲ, ನಗುವ ಹಾಗಿಲ್ಲ. ಮನುಷ್ಯರ ಗಲಾಟೆ ಅಂದರೆ ಊಟ ಎಂದು ಅವಕ್ಕೆ ಪಾಠವಾಗಿತ್ತು. ಟ್ರ್ಯಾಕ್ಟರಿನ ಪಕ್ಕದಲ್ಲಿ ಬಣ್ಣದ ಟೊಪ್ಪಿ ಹಾಕಿಕೊಂಡು, ಸಂಘದ ಹಿರಿಯರೆಲ್ಲ ಕದ್ದು ತಿನ್ನುವವರ ಹಾಗೆ ಚಿಪ್ಪು ಚೀಪಿದರು. ಹೊರಗಿನಿಂದ ಬಾಗಿಲಿಗೆ ಕೊಕ್ಕು ಬಡಿಯುತ್ತಲೇ ಇತ್ತು. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಯಾರಿಗೂ ನಗು ಬರಲಿಲ್ಲ, ಬೇಗ ಬೇಗ ಮುಗಿಸಿ ಎದ್ದು ಹೋದರು.

ಕಾಡು ಕೊಕ್ಕರೆಗಳ ಒಂದು ಹಿಂಡು ಆ ವಾರ ಪೂರ್ವದಿಂದ ಬಂದು ನಮ್ಮ ಬಯಲಿನ ಮೇಲೆ ಸುತ್ತು ಹಾಕಿತು. ನಮ್ಮವೂ ಎದ್ದವು. ಬಿಸಿಗಾಳಿಯ ಮೇಲೆ ಸುತ್ತುತ್ತ ಸುತ್ತುತ್ತ ಚುಕ್ಕಿಯಷ್ಟಾದವು. ಹೋದವು ಅಂದುಕೊಂಡೆ. ಅಷ್ಟರಲ್ಲಿ ಬೋಡಿಲ್ ಬಟ್ಟೆ ಒಣಹಾಕಲು ಬಾಗಿಲು ತೆರೆದು ಹೊರಬಂದಳು. ನಮ್ಮವಷ್ಟೂ ಸುತ್ತು ಮುರಿದು ಇಳಿದು ಅವಳ ಮುಂದೆ ಸಾಲಾಗಿ ನಿಂತವು. ಕಾಡಿನವು ದಕ್ಷಿಣಕ್ಕೆ ಹೊರಟುಹೋದವು.

ಆಗಲೇ ಅವಳಿಗೆ ಅರ್ಥವಾದದ್ದು. ಮಾರನೆಯ ದಿನ ನನ್ನ ಕೋಟು, ನನ್ನ ಟೊಪ್ಪಿ, ಎಲೋಫ್‌ನ ಗಮ್‌ಬೂಟು ಹಾಕಿಕೊಂಡು ಹೊರಟಳು. ಬೆದರುಬೊಂಬೆಯೇ ನಡೆದ ಹಾಗಿತ್ತು, ನಾನು ಬಿದ್ದು ಬಿದ್ದು ನಕ್ಕೆ. ಮಾಯ್ಕೆನ್ ಒಂದು ಸಲ ಕತ್ತು ಓರೆಮಾಡಿ ಅವಳ ನಡಿಗೆ ನೋಡಿತು. ಆಮೇಲೆ ತಲೆಯನ್ನು ಬೆನ್ನ ಮೇಲೆ ಮಲಗಿಸಿ ಕೊಕ್ಕು ಕುಟ್ಟಿ ಸ್ವಾಗತ ಹೇಳಿತು. ಉಳಿದವು ಹಿಂದೆ ಬಂದವು. ಬೋಡಿಲ್ ಒಳಗೆ ಬಂದು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟಳು.

"ನಾನಿರೋ ತನಕ ಅವು ಹೋಗಲ್ಲ. ಅಕ್ಕನ ಮನೆ ಖಾಲಿ ಇದೆ, ಅಲ್ಲಿರ್ತೀನಿ."

"ನಾನು?"

"ನೀನಿಲ್ಲೇ ಇರು. ನಿನ್ನ ಕಂಡ್ರೆ ಅವಕ್ಕೆ ಆಗಲ್ಲ. ಅದೇ ಒಳ್ಳೇದಾಯ್ತು."

ಮೂವತ್ತು ವರ್ಷ ಅವನ್ನು ಬೈದುಕೊಂಡು ಬಂದವನಿಗೆ ಸಿಕ್ಕ ಬಹುಮಾನ ಇದು. ಮಾರನೆಯ ಬೆಳಿಗ್ಗೆ ಎಲೋಫ್‌ನ ಗಾಡಿಯ ಹಿಂಬದಿಯಲ್ಲಿ, ಟಾರ್ಪಾಲಿನ ಕೆಳಗೆ ಮಲಗಿಕೊಂಡು ಬಸ್ ನಿಲ್ದಾಣದ ತನಕ ಹೋದಳು. ಈ ಜಿಲ್ಲೆಗೆ ಕೊಕ್ಕರೆ ತಂದವಳು ಅದೇ ಕೊಕ್ಕರೆಗಳ ಕಣ್ಣಿಗೆ ಬೀಳದಂತೆ ಊರು ಬಿಟ್ಟಳು. ಅವಳು ಟಾರ್ಪಾಲಿನ ಕೆಳಗಿನಿಂದಲೇ ಫ್ರೀಜರ್ ಬಾಗಿಲು ಸರಿಯಾಗಿ ಹಾಕು ಅಂದಳು.

ದಿನಾ ಫೋನ್ ಮಾಡುತ್ತಿದ್ದಳು. ಹೋದ್ವಾ ಎಂದು ಒಂದೇ ಪ್ರಶ್ನೆ. ಇಲ್ಲ ಅಂದರೆ ಸರಿ ಎಂದು ಇಟ್ಟುಬಿಡುವಳು. ಅಕ್ಕನ ಕಪಾಟು ಖಾಲಿ ಮಾಡಿದೆಯಾ ಎಂದು ಕೇಳಿದರೆ ಇನ್ನೂ ಇಲ್ಲ, ಕೂತಿರುತ್ತೇನೆ ಅನ್ನುವಳು. ಏನು ಮಾಡುತ್ತ ಕೂತಿರುತ್ತೀಯ? ಕೂತಿರುತ್ತೇನೆ.

ಇತ್ತ ನಾನು ಪಾತ್ರೆ ಬಡಿದುಕೊಂಡು ಅಂಗಳದ ತುಂಬ ಅವನ್ನು ಓಡಿಸುತ್ತಿದ್ದೆ. ಒಂದು ಮಧ್ಯಾಹ್ನ ಎಲೋಫ್‌ನ ಕೊಟ್ಟಿಗೆಯ ಹಿಂದೆ ಹೋದರೆ ಮುದುಕ ತಟ್ಟೆಯಲ್ಲಿ ಮಾಂಸದುಂಡೆ ಇಟ್ಟುಕೊಂಡು ತನ್ನ ಜೋಡಿಗೆ ತಿನ್ನಿಸುತ್ತಿದ್ದ. ತಟ್ಟೆ ಕಸಿದುಕೊಂಡೆ. ನೀನ್ಯಾವಾಗ ಕೊಕ್ಕರೆ ಪೊಲೀಸ್ ಆದೆಯೋ ಎಂದು ಬೈದ. ಅವಳು ಯಾತಕ್ಕೆ ಮನೆ ಬಿಟ್ಟು ಹೋಗಿದ್ದಾಳೆ ಗೊತ್ತಾ, ಇವು ಹೋಗಲಿ ಅಂತ, ಇದನ್ನು ತಿನ್ನಿಸಿದರೆ ಅವಳು ವಾಪಸು ಬರೋದು ಹೇಗೆ ಎಂದು ನಾನೂ ಕೂಗಾಡಿದೆ. ಎಲೋಫ್ ಕಟ್ಟೆಯ ಕಡೆ ನಡೆದ. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಆ ಉಂಡೆಗಳನ್ನು ನಾವೇ ತಿಂದೆವು. ಕೊಕ್ಕರೆಗಳು ನೋಡುತ್ತ ನಿಂತಿದ್ದವು.

ಆಗಸ್ಟ್ ಮುಗಿಯುವ ಹೊತ್ತಿಗೆ ಎರಡು ದಿನ ಒಳ್ಳೆಯ ಬಿಸಿಲು ಬಂತು. ಅವು ಎದ್ದವು, ಸುತ್ತಿದವು. ಯಾರೂ ಬಾಗಿಲು ತೆರೆಯಲಿಲ್ಲ. ಮೊದಲು ಆ ವರ್ಷದ ಮರಿಗಳು ದಕ್ಷಿಣಕ್ಕೆ ಮುಖ ಮಾಡಿದವು. ದೊಡ್ಡವು ಎರಡು ಸುತ್ತು ಹೆಚ್ಚಿಗೆ ಹಾಕಿ ಅವುಗಳ ಹಿಂದೆ ಹೋದವು. ಎಲೋಫ್‌ನ ಜೋಡಿಯೂ ಹೋಯಿತು. ಅವನು ಟೊಪ್ಪಿ ಕಳಚಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಹೊಲದಲ್ಲೇ ನಿಂತಿದ್ದ.

ಸಂಜೆ ಫೋನ್ ಬಂತು. ಹೋದವು, ಒಂದು ಬಿಟ್ಟು ಅಂದೆ. ಯಾವುದು ಎಂದು ಅವಳು ಕೇಳಲಿಲ್ಲ. ಮಾಯ್ಕೆನ್ ಆ ಹೊತ್ತಿನಲ್ಲೂ ಅಡುಗೆಮನೆಯ ಗಾಜಿಗೆ ಕೊಕ್ಕು ಬಡಿಯುತ್ತಿತ್ತು, ಫೋನಿನಲ್ಲಿ ಅವಳಿಗೂ ಕೇಳಿಸಿರಬೇಕು.

"ಅದಕ್ಕೂ ಹಾಕಬೇಡ ಟೂರೆ," ಅಂದಳು.

"ವಯಸ್ಸಾಗಿದೆ ಕಣೇ ಅದಕ್ಕೆ."

"ಹಾಕಬೇಡ."

ಹೊಲ ಉತ್ತು ಮುಗಿದಿತ್ತು. ಮೊದಮೊದಲು ಮಾಯ್ಕೆನ್ ಕದಲಲೇ ಇಲ್ಲ. ಎದೆಯ ಮೂಳೆ ಕಾಣತೊಡಗಿತು. ಕಿವಿ ಕಚ್ಚಿದ ಹಕ್ಕಿ, ಸಾಯಲಿ ಅಂತ ನಾನು ಎಷ್ಟು ಸಲ ಅಂದಿದ್ದೆನೋ. ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಫ್ರೀಜರ್ ತೆಗೆದು ಒಂದು ಕೋಳಿಮರಿಯನ್ನು ಬಿಸಿನೀರಿಗೆ ಹಾಕಿ ಮೆತ್ತಗೆ ಮಾಡಿ, ಕೈಯಲ್ಲಿ ಹಿಡಿದು ಬಾಗಿಲ ತನಕ ಹೋದೆ. ಗಾಜಿನ ಆಚೆ ಅದು, ಈಚೆ ನಾನು. ಇದನ್ನು ಕೊಟ್ಟರೆ ಮಾಲ್ಮೊದಲ್ಲಿ ಕೂತವಳು ಇಷ್ಟು ದಿನ ಕೂತದ್ದು ದಂಡ. ಕೊಡದಿದ್ದರೆ ಇದು ನನ್ನ ಕಣ್ಣೆದುರೇ ಬೀಳುತ್ತದೆ. ನಾನು ಅದನ್ನು ವಾಪಸು ಬಕೆಟ್ಟಿಗೆ ಎಸೆದು ಪರದೆ ಎಳೆದೆ. ಕೈ ತೊಳೆದುಕೊಳ್ಳುವಾಗ ಅಳು ಬಂತು. ಮದುವೆಯಾದ ಮೇಲೆ ಹಕ್ಕಿಗಾಗಿ ಅತ್ತದ್ದು ಅದೇ ಮೊದಲು.

ಎಷ್ಟೋ ಹೊತ್ತಿನ ಮೇಲೆ ಗಾಜಿನ ಸದ್ದು ನಿಂತಿತು. ಪರದೆ ಸರಿಸಿದರೆ ಅಂಗಳ ಖಾಲಿ. ಮಾಯ್ಕೆನ್ ಬೇಲಿಯ ಆಚೆ ಹುಲ್ಲುಗಾವಲಿನಲ್ಲಿ ಒಂದೊಂದೇ ಕಾಲೆತ್ತಿ ನಡೆಯುತ್ತಿತ್ತು. ಕತ್ತು ಬಗ್ಗಿಸಿ ಏನೋ ಹಿಡಿಯಿತು, ಇಲಿ ಇರಬೇಕು, ತಲೆ ಎತ್ತಿ ನುಂಗಿತು. ಅಲ್ಲಿಂದ ಹಳ್ಳದ ಕಡೆಗೆ ಇಳಿಯಿತು. ಕೆಲವು ದಿನ ಅಲ್ಲಿ ಇಲ್ಲಿ ಕಾಣಿಸಿಕೊಂಡು, ತಡವಾಗಿ ಬಂದ ನಾಲ್ಕಾರು ಕಾಡು ಹಕ್ಕಿಗಳ ಜೊತೆ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅದೂ ಹೊರಟಿತು. ನಾನು ಮಾಲ್ಮೊಗೆ ಫೋನ್ ಮಾಡಿ, ಎಲ್ಲ ಹೋದವು, ಬಾ ಅಂದೆ. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದಳು.

ಬಂದವಳು ಖಾಲಿ ಅಂಗಳದಲ್ಲಿ ಒಂದು ಸಲ ನಿಂತು ಒಳಗೆ ಬಂದಳು. ಗೆದ್ದೆಯಲ್ಲೇ ಅಂದೆ. ಹೂಂ ಅಂದಳು. ಆ ಚಳಿಗಾಲದಂಥ ಚಳಿಗಾಲ ನಮ್ಮ ಮನೆಯಲ್ಲಿ ಆಗಿರಲಿಲ್ಲ. ಚಂದಾ ಕೊಡುತ್ತಿದ್ದವರು ಅರ್ಧಕ್ಕರ್ಧ ಬಿಟ್ಟುಹೋದರು, ಪತ್ರಿಕೆಯಲ್ಲಿ ಯಾರೋ ಅವಳನ್ನು ಕಟುಕಿ ಅಂತ ಬರೆದರು. ಅವಳು ಓದಿ ಪತ್ರಿಕೆಯನ್ನು ಒಲೆಯ ಪಕ್ಕಕ್ಕಿಟ್ಟಳು. ಬೆಳಿಗ್ಗೆ ಎದ್ದು ಬಕೆಟ್ ಇಲ್ಲದ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂರುವಳು. ಈ ಹೆಂಗಸು ನನ್ನ ಜೊತೆ ಇದ್ದಾಳೋ ಇಲ್ಲವೋ ಎಂದು ನನಗೇ ಅನುಮಾನ ಬರುತ್ತಿತ್ತು. ವಾಪಸು ಬರುತ್ತವಾ ಎಂದು ನಾನೇ ಒಮ್ಮೆ ಕೇಳಿದೆ. ಕೆಲವು ಬರಬಹುದು, ಬರದೇನೂ ಇರಬಹುದು ಅಂದಳು.

ಏಪ್ರಿಲ್ ಮೊದಲ ವಾರ ಎಲೋಫ್ ಅಂಗಳದಲ್ಲೇ ನಿಂತು ನಮ್ಮನ್ನು ಕೂಗಿದ. ಅವನ ಸೂರಿನ ಮೇಲೆ ಒಂಟಿ ಗಂಡು ನಿಂತಿತ್ತು. ಜೊತೆಗಾತಿ ಇರಲಿಲ್ಲ. ಆಮೇಲೆ ಒಂದು, ಎರಡು, ಹೀಗೆ ಬಂದವು. ಹೋದವುಗಳಲ್ಲಿ ಮೂರರಲ್ಲಿ ಒಂದು ಪಾಲೂ ಬರಲಿಲ್ಲ. ಬಂದವು ಅಂಗಳಕ್ಕೆ ಇಳಿಯಲಿಲ್ಲ. ಹಳ್ಳದ ಕಡೆ, ಹೊಲದ ಕಡೆ ಇಳಿದವು. ಬೋಡಿಲ್ ಹೊರಗೆ ಹೋಗದೆ ಮಹಡಿಯ ಕಿಟಕಿಯಿಂದ ದುರ್ಬೀನು ಹಿಡಿದು ಗುರುತಿಗೆಂದು ಕಾಲಿಗೆ ಹಾಕಿದ್ದ ಉಂಗುರಗಳ ಅಂಕಿ ಓದುತ್ತಿದ್ದಳು. ಒಂದು ದಿನ ದುರ್ಬೀನು ಕೆಳಗಿಟ್ಟು, ಮಾಯ್ಕೆನ್ ಇದೆ ಅಂದಳು. ಕೋಟು ಹಾಕಿಕೊಂಡಳು. ಅವಳದೇ ಹಳೆಯ ಕೋಟು. ನಾನು ಬೇಡ ಅಂದೆ. ನೋಡಬೇಕು, ಕಾಡು ಹಕ್ಕಿ ಆಗಿದೆಯೋ ಇಲ್ಲವೋ ಗೊತ್ತಾಗಬೇಕು ಅಂದಳು.

ನಾನು ಬೇಲಿಯ ಹತ್ತಿರ ನಿಂತೆ. ಅವಳು ಇಳಿಜಾರಿನಲ್ಲಿ ನಡೆದುಹೋದಳು, ಎಂದಿನದೇ ನಡಿಗೆ. ಮಾಯ್ಕೆನ್ ಮಣ್ಣಿನಿಂದ ಕೊಕ್ಕು ಎತ್ತಿತು. ಅವಳನ್ನು ನೋಡಿತು. ಕೊಕ್ಕು ಕುಟ್ಟಲಿಲ್ಲ. ಅವಳು ಇನ್ನಷ್ಟು ಮುಂದೆ ಹೋದಳು. ಹಕ್ಕಿ ಎರಡು ಹೆಜ್ಜೆ ಹಿಂದಕ್ಕೆ ಸರಿದು, ರೆಕ್ಕೆ ಬಿಚ್ಚಿ ಎದ್ದು, ಹಳ್ಳ ದಾಟಿ ದೂರದ ಹೊಲದಲ್ಲಿ ಇಳಿಯಿತು. ಬೋಡಿಲ್ ಅಲ್ಲೇ ನಿಂತಳು.

ವಾಪಸು ಬಂದು ಬೇಲಿಯ ಆಚೆಯೇ ನಿಂತು ಕಂಬಿ ಹಿಡಿದುಕೊಂಡಳು.

"ನನ್ನ ನೋಡಿ ಹೆದರ್ತು ಟೂರೆ."

"ನೋಡಿದೆ."

"ನಾನು ಯಾರೋ ಅನ್ನೋ ಹಾಗೆ ಹೋಗ್ಬಿಡ್ತು," ಅಂದಳು. ನಾನು ಬೇಲಿ ದಾಟುವಷ್ಟರಲ್ಲಿ ಅವಳು ಹುಲ್ಲಿನ ಮೇಲೆ ಕೂತುಬಿಟ್ಟಿದ್ದಳು. ಜೋರಾಗಿ, ಊರಿಗೆ ಕೇಳುವ ಹಾಗೆ ಅತ್ತಳು. ಮಾಯ್ಕೆನ್ ಹೆಸರು ಹೇಳಿ ಅತ್ತಳು, ನಡುವೆ ಅಕ್ಕನ ಹೆಸರು ಬಂತು, ಆಮೇಲೆ ಬರದೇ ಹೋದ ಹಕ್ಕಿಗಳ ಹೆಸರುಗಳು, ಮಕ್ಕಳು ಇಟ್ಟವು, ಒಂದೊಂದಾಗಿ. ನಾನು ಒದ್ದೆ ನೆಲದಲ್ಲಿ ಪಕ್ಕದಲ್ಲೇ ಕೂತು ಅವಳ ಬೆನ್ನು ಸವರುತ್ತಿದ್ದೆ. ಎಲ್ಲ ಹೆಸರೂ ಮುಗಿಯುವ ತನಕ ಏಳಲಿಲ್ಲ.